ಕೂಸಿನ ಜ್ವರ ಮೊದಲ ಬಸ್ಸಿಗೆ ಕಾಯುವುದಿಲ್ಲ

ಮಳವಳ್ಳಿ ತಾಲ್ಲೂಕಿನ ಬಂಡೂರು ಅಂದರೆ ನಾಡಿಗೆಲ್ಲ ಮೊದಲು ನೆನಪಾಗುವುದು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗು ಮಾಡಿದ ಕುದುರೆ ಲಾಳದ ಆಕಾರ. ಬನ್ನೂರು ಕುರಿ, ಮಂಡ್ಯ ಕುರಿ ಎಂದೆಲ್ಲ ಕರೆಸಿಕೊಳ್ಳುವ ತಳಿ ಇದೇ. ಈ ಸೀಮೆಯಲ್ಲಿ ಕುರಿ ಸಾಕಿದವರಿಗೆ ಮರಿಯ ಕಾಯಿಲೆ ಪತ್ತೆ ಹಚ್ಚುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ತಾಯಿಯ ಕೆಚ್ಚಲಿಗೆ ಬಾಯಿ ಹಾಕದ ಮರಿ, ಮಂದೆ ಎದ್ದರೂ ಏಳದೆ ಮುದುರಿಕೊಂಡ ಮರಿ ಕಣ್ಣಿಗೆ ಬಿತ್ತೆಂದರೆ ಸಾಕು, ಅವತ್ತಿನ ಬಾಕಿ ಕೆಲಸವೆಲ್ಲ ಬದಿಗೆ. ಮರಿ ಹಾಲು ಬಿಟ್ಟ ಮೇಲೂ ನಾಳೆ ನೋಡೋಣ ಅನ್ನುವವನು ಕುರಿ ಸಾಕಿ ಬದುಕುವುದು ಕಷ್ಟ.

ಆದರೆ ಅದೇ ಮನೆಯ ತೊಟ್ಟಿಲ ಕೂಸು ಹಾಲು ಬಿಟ್ಟಾಗ ಏನಾಗುತ್ತದೆ?

ರಾತ್ರಿ ಹನ್ನೊಂದು ಗಂಟೆ. ನಲವತ್ತು ದಿನದ ಕೂಸು. ಬಾಣಂತಿ ಮುಟ್ಟಿ ನೋಡುತ್ತಾಳೆ, ಮೈ ಕೆಂಡ. "ಅವ್ವ, ಮೊಗ ಸಂಜಿಂದ ಹಾಲೇ ಕುಡಿದಿಲ್ಲ ಕಣವ್ವ. ಮೈ ಸುಡ್ತಾ ಅದೆ."

"ದೃಷ್ಟಿ ಆಗಿರ್ಬೇಕು ಕಣ್ ಮಗ. ನೀವಾಳಿಸಿ ಆಕ್ತೀನಿ. ವಸಿ ತಡಿ, ಬೆಳಗಾಗ್ಲಿ, ಮೊದಲ್ನೆ ಬಸ್ಸಿಗೆ ಓಗುವ."

ಉಪ್ಪು, ಮೆಣಸಿನಕಾಯಿ ಒಲೆಗೆ ಬೀಳುತ್ತದೆ. ಕೂಸಿಗೆ ಇನ್ನೊಂದು ಹೊದಿಕೆ ಸುತ್ತುತ್ತಾರೆ. ಗಂಡನಿಗೆ ಫೋನ್ ಹೋಗುತ್ತದೆ, ಅವನು ಬೆಂಗಳೂರಿನಲ್ಲಿ ನೈಟ್ ಡ್ಯೂಟಿ. ಎರಡು ಗಂಟೆ ಹೊತ್ತಿಗೆ ಕೂಸಿನ ಅಳು ನಿಲ್ಲುತ್ತದೆ. ಸದ್ಯ, ನಿದ್ದೆ ಹತ್ತಿತು ಅಂತ ಮನೆಯವರೂ ಕಣ್ಣು ಮುಚ್ಚುತ್ತಾರೆ.

ಅದು ನಿದ್ದೆಯೇ ಆಗಿರಬಹುದು. ಎಚ್ಚರ ತಪ್ಪುತ್ತಿರುವುದೂ ಆಗಿರಬಹುದು. ಆ ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಯಾವ ಕಡೆಯ ಹಳ್ಳಿಯಲ್ಲೂ, ಪೇಟೆಯ ಬೀದಿಯಲ್ಲೂ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಮನೆಯವರಿಗೆ ಕೂಸಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಬೇಕಾದಷ್ಟಿದೆ. ಯಾವ ಜ್ವರಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಅನ್ನುವ ತಿಳಿವಳಿಕೆ ಇಲ್ಲ.

ಹಾಗಂತ ಮೈ ಬೆಚ್ಚಗಾದಾಗಲೆಲ್ಲ ಕಾರು ಮಾಡಿಕೊಂಡು ಮೈಸೂರಿಗೆ ಓಡಬೇಕಾಗಿಲ್ಲ. ಮಕ್ಕಳಿಗೆ ಬರುವ ಜ್ವರಗಳಲ್ಲಿ ಹೆಚ್ಚಿನವು ನೆಗಡಿ, ಗಂಟಲು ನೋವಿನ ವೈರಸ್ ಜ್ವರ. ಮೂರು ದಿನ ಕಾಡಿಸಿ ತಾವೇ ಹೋಗುತ್ತವೆ. ಗೊತ್ತಿರಬೇಕಾದ್ದು ಮಿಕ್ಕ ಆ ಕೆಲವು. ಅದಕ್ಕೆ ದೊಡ್ಡ ಓದು ಬೇಡ. ಮೂರು ಪ್ರಶ್ನೆ ಸಾಕು. ಮಗುವಿಗೆ ವಯಸ್ಸೆಷ್ಟು? ಮಗು ಹೇಗಿದೆ? ಎಷ್ಟು ಹೊತ್ತಾಯಿತು?

ಮೊದಲು ವಯಸ್ಸು

ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಅದೊಂದೇ ಸಾಕು, ಬೇರೆ ಲಕ್ಷಣ ಹುಡುಕುತ್ತಾ ಕೂರಬಾರದು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 99.5 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಗುದದಲ್ಲಿ ನೋಡಿದಾಗ 100.4 ತೋರಿಸಿದರೆ, ರಾತ್ರಿಯೋ ಹಗಲೋ ಆಸ್ಪತ್ರೆಗೆ ಹೊರಡಬೇಕು. ಕೂಸು ನಗುತ್ತಿದ್ದರೂ ಸರಿಯೆ.

ಕಾರಣ ಇಷ್ಟೆ. ಎಳೆ ಕೂಸಿನ ಮೈಗೆ ರೋಗದ ಜೊತೆ ಹೋರಾಡುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ದೊಡ್ಡವರಲ್ಲಿ ಗಂಟಲಲ್ಲೋ ಮೂತ್ರಕೋಶದಲ್ಲೋ ನಿಂತುಹೋಗುವ ಸೋಂಕು ಕೂಸಿನಲ್ಲಿ ರಕ್ತಕ್ಕೆ ಇಳಿದು, ಅಲ್ಲಿಂದ ಮೆದುಳಿನ ಪೊರೆಗೆ ಹಬ್ಬಲು ಕೆಲವು ಗಂಟೆ ಸಾಕು. ಹೊರಗೆ ಕಾಣುವ ಗುರುತು ಮಾತ್ರ ಒಂದೇ: ಸ್ವಲ್ಪ ಜ್ವರ, ಸ್ವಲ್ಪ ಹಾಲು ಕಮ್ಮಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಸೋಂಕು ತಗುಲಿದ ಎಳೆ ಕೂಸು ಬಿಸಿಯಾಗುವ ಬದಲು ತಣ್ಣಗೂ ಆಗಬಹುದು. ಕಂಕುಳಲ್ಲಿ 95.9 ಡಿಗ್ರಿಗಿಂತ ಕಮ್ಮಿ ಬಂದು, ತಾಯಿಯ ಎದೆಗೆ ಅಪ್ಪಿಕೊಂಡರೂ ಮೈ ಬೆಚ್ಚಗಾಗದಿದ್ದರೆ ಅದು ಜ್ವರದಷ್ಟೇ ಅಪಾಯ. ಮೈ ತಣ್ಣಗಿದೆ, ಜ್ವರ ಇಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಈ ವಯಸ್ಸಿನ ಕೂಸಿಗೆ ವೈದ್ಯರು ಹೇಳದೆ ಜ್ವರದ ಡ್ರಾಪ್ಸ್ ಹಾಕಬಾರದು. ಡ್ರಾಪ್ಸು ಬಿಸಿ ಇಳಿಸುತ್ತದೆ, ಸೋಂಕನ್ನು ಮುಟ್ಟುವುದಿಲ್ಲ. ಇದಕ್ಕೆ ಇರುವ ಒಂದೇ ವಿನಾಯಿತಿ ಲಸಿಕೆಯದು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಚುಚ್ಚುಮದ್ದು ಹಾಕಿಸಿದ ಮಾರನೆ ದಿನದೊಳಗೆ ಸ್ವಲ್ಪ ಜ್ವರ ಬರುವುದುಂಟು. ಆಗ ನರ್ಸಮ್ಮ ಹೇಳಿದಷ್ಟು ಔಷಧ ಕೊಡಬಹುದು. ಎರಡು ದಿನ ಕಳೆದರೂ ಬಿಡದಿದ್ದರೆ, ಅಥವಾ ಕೂಸು ಹಾಲು ಬಿಟ್ಟರೆ, ಸೂಜಿಯ ಜ್ವರ ಅನ್ನುವ ನೆಪ ನಡೆಯುವುದಿಲ್ಲ.

ಮೂರರಿಂದ ಆರು ತಿಂಗಳ ಮಗುವಿಗೆ 102 ಡಿಗ್ರಿ ಬಂದರೆ ಅವತ್ತೇ ವೈದ್ಯರಿಗೆ ತೋರಿಸಬೇಕು. ಯಾವ ವಯಸ್ಸಿನ ಮಗುವಿಗೇ ಆಗಲಿ 104 ದಾಟಿದರೆ ತಡ ಮಾಡಬಾರದು. ಎರಡು ವರ್ಷದೊಳಗಿನ ಮಗುವಿಗೆ ಜ್ವರ ಒಂದು ದಿನ ಮೀರಿದರೆ, ಅದಕ್ಕೆ ಮೇಲ್ಪಟ್ಟ ಮಗುವಿಗೆ ಮೂರು ದಿನ ಮೀರಿದರೆ, ಮನೆ ಮದ್ದಿನ ವಾಯಿದೆ ಮುಗಿಯಿತು ಅಂತಲೇ ಲೆಕ್ಕ.

ಆಮೇಲೆ ಮಗು

ಮೂರು ತಿಂಗಳು ದಾಟಿದ ಮೇಲೆ ಅಂಕಿಗಿಂತ ಮಗುವೇ ಹೆಚ್ಚು ಹೇಳುತ್ತದೆ. 103 ಜ್ವರ ಇದ್ದೂ ಮಗು ಕುಡಿಯುತ್ತಿದೆ, ಔಷಧ ಕೊಟ್ಟ ಮೇಲೆ ಎದ್ದು ಕೂತು ಗಿಲಕಿಗೆ ಕೈ ಚಾಚುತ್ತಿದೆ ಅಂದರೆ ಸ್ವಲ್ಪ ನೋಡಬಹುದು. 100 ಜ್ವರಕ್ಕೇ ಮಗು ಸೊಪ್ಪಿನ ಹಾಗೆ ಬಾಡಿ ಮಲಗಿದೆ ಅಂದರೆ ನೋಡುವಂತಿಲ್ಲ.

ತಕ್ಷಣ ಹೊರಡಬೇಕಾದ ಗುರುತುಗಳನ್ನು ಗೋಡೆಗೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಮಗು ಹಾಲು, ನೀರು ಏನೂ ಕುಡಿಯುತ್ತಿಲ್ಲ. ಕುಡಿದದ್ದೆಲ್ಲ ವಾಂತಿ. ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಎದ್ದರೂ ಕಣ್ಣು ನಿಲ್ಲುತ್ತಿಲ್ಲ. ಏನು ಮಾಡಿದರೂ ಅಳು ನಿಲ್ಲುತ್ತಿಲ್ಲ, ಅಥವಾ ಅಳಲೂ ಶಕ್ತಿ ಇಲ್ಲದೆ ನರಳುತ್ತಿದೆ. ಫಿಟ್ಸ್ ಬಂದಿದೆ. ನೆತ್ತಿಯ ಮೆತ್ತನೆ ಜಾಗ ಉಬ್ಬಿದೆ, ಇಲ್ಲವೇ ಗುಳಿ ಬಿದ್ದಿದೆ. ಕತ್ತು ಬಿಗಿದಿದೆ. ತುಟಿ, ಉಗುರು ನೀಲಿಗಟ್ಟಿದೆ. ಎಂಟು ಗಂಟೆಯಿಂದ ಮೂತ್ರ ಇಲ್ಲ. ಮೈ ಮೇಲೆ ಎದ್ದ ಕೆಂಪು ಅಥವಾ ನೇರಳೆ ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿದರೂ ಮಾಯವಾಗುತ್ತಿಲ್ಲ. ಕಪ್ಪು ಮೈಯಲ್ಲಿ ಈ ಚುಕ್ಕೆ ಕಾಣುವುದು ಕಷ್ಟ, ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಗೆ ನೋಡಬೇಕು.

ಉಸಿರನ್ನೂ ಎಣಿಸಬೇಕು. ಮಗು ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಲೆಕ್ಕ ಹಾಕಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಮುಟ್ಟಿದರೆ ಅಥವಾ ಮೀರಿದರೆ ಉಸಿರಾಟ ಹೆಚ್ಚಾಗಿದೆ ಎಂದೇ ಅರ್ಥ, ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುವುದೂ ಬೇಡ, ಹೊರಡಿ.

ಈ ಜಿಲ್ಲೆಯವರು ಎರಡು ಜ್ವರಗಳನ್ನು ವಿಶೇಷವಾಗಿ ನೆನಪಿಡಬೇಕು. ಒಂದು ಮೆದುಳು ಜ್ವರ. ಗದ್ದೆ ನೀರಿನಲ್ಲಿ ಹುಟ್ಟುವ ಸೊಳ್ಳೆ, ಹಂದಿಯಿಂದ ಮನುಷ್ಯರಿಗೆ ತರುವ ಜಪಾನಿ ಮೆದುಳು ಜ್ವರ 1970, 80ರ ದಶಕಗಳಲ್ಲಿ ಕೋಲಾರ, ಮಂಡ್ಯ ಜಿಲ್ಲೆಗಳ ಹೆಸರನ್ನು ವೈದ್ಯಶಾಸ್ತ್ರದ ಪುಸ್ತಕಕ್ಕೇ ಸೇರಿಸಿತು. ನಾಲೆ, ಭತ್ತದ ಗದ್ದೆ ಇರುವ ಕಡೆ ಜ್ವರದ ಜೊತೆ ತಲೆನೋವು, ವಾಂತಿ, ಫಿಟ್ಸ್, ಮಂಪರು ಕಂಡರೆ ಇದರ ಅನುಮಾನ ಬರಲೇಬೇಕು. ಇದಕ್ಕೆ ಲಸಿಕೆ ಇದೆ. ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ತಾಯಿ ಕಾರ್ಡು ತೆಗೆದು ನೋಡಿ, ಹಾಕಿಸದೆ ಬಿಟ್ಟಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನೊಂದು ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರವೇ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಡೆಂಗಿಯ ಮೋಸವೆಂದರೆ ಜ್ವರ ಇಳಿಯುವಾಗಲೇ ಅಪಾಯ ಏರುವುದು. ಮೂರರಿಂದ ಏಳನೆ ದಿನದ ಒಳಗೆ ಮೈ ತಣ್ಣಗಾಗಿ, ಅದರ ಜೊತೆ ಹೊಟ್ಟೆನೋವು, ಪದೇ ಪದೇ ವಾಂತಿ, ಕೈಕಾಲು ತಣ್ಣಗಾಗುವುದು, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಒಂದು ಗಂಟೆಯೂ ತಡ ಮಾಡಬಾರದು. "ಜ್ವರ ಬುಡ್ತು ಕಣಪ್ಪ" ಅಂತ ಆಸ್ಪತ್ರೆಯಿಂದ ಮಗುವನ್ನು ಬಿಡಿಸಿಕೊಂಡು ಬರುವವರು ಇದನ್ನು ಕೇಳಿಸಿಕೊಳ್ಳಬೇಕು.

ಫಿಟ್ಸ್ ಬಂದರೆ ಬೀಗದ ಕೈ ಬೇಡ

ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರ ಏರುವಾಗ ಫಿಟ್ಸ್ ಬರುತ್ತದೆ. ನೋಡಿದ ತಾಯಿಗೆ ಜೀವವೇ ಹೋದ ಹಾಗಾಗುತ್ತದೆ. ಸಾಮಾನ್ಯವಾಗಿ ಐದು ನಿಮಿಷದೊಳಗೆ ನಿಲ್ಲುತ್ತದೆ, ಮೆದುಳಿಗೆ ಹಾನಿ ಆಗುವುದಿಲ್ಲ. ಹಾನಿ ಆಗುವುದು ಸುತ್ತ ನಿಂತವರಿಂದ. ಒಬ್ಬರು ಕೈಗೆ ಕಬ್ಬಿಣ ಕೊಡುತ್ತಾರೆ, ಒಬ್ಬರು ಈರುಳ್ಳಿ ಮೂಸಿಸುತ್ತಾರೆ, ಒಬ್ಬರು ಹಲ್ಲಿನ ಮಧ್ಯೆ ಚಮಚ ತುರುಕುತ್ತಾರೆ, ಇನ್ನೊಬ್ಬರು ಬಾಯಿಗೆ ನೀರು ಬಿಡುತ್ತಾರೆ. ಆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ಮಾಡಬೇಕಾದ್ದು: ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಕತ್ತಿನ ಬಟ್ಟೆ ಸಡಿಲಿಸುವುದು, ಗಡಿಯಾರ ನೋಡುವುದು. ಬಾಯಿಗೆ ಏನೂ ಹಾಕಬಾರದು, ಅದುಮಿ ಹಿಡಿಯಬಾರದು. ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ನಿಂತ ಮೇಲೂ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದದ್ದಾದರೆ ತಾನೇ ನಿಂತಿದ್ದರೂ ಆಸ್ಪತ್ರೆಯಲ್ಲಿ ತೋರಿಸಲೇಬೇಕು. ಆರು ತಿಂಗಳೊಳಗಿನ ಕೂಸಿಗೆ ಬಂದ ಫಿಟ್ಸು ಬರೀ ಜ್ವರದ ಫಿಟ್ಸು ಅಂತ ಮನೆಯಲ್ಲಿ ತೀರ್ಮಾನ ಮಾಡುವ ಹಾಗಿಲ್ಲ.

ತಾಯತ ಕಟ್ಟಿಸುವುದು, ಮಾರಮ್ಮನಿಗೆ ಹರಕೆ ಹೊರುವುದು ಅವರವರ ನಂಬಿಕೆ. ಅದನ್ನು ಬೇಡ ಅನ್ನುವವರು ಯಾರು? ಆದರೆ ಹರಕೆ ಹೊತ್ತುಕೊಂಡೇ ಆಸ್ಪತ್ರೆಗೆ ಹೊರಡಬಹುದಲ್ಲ. ಬರೆ ಹಾಕುವುದು ಮಾತ್ರ ನಂಬಿಕೆಯ ವಿಷಯವಲ್ಲ. ಸುಟ್ಟ ಗಾಯದಿಂದ ಇನ್ನೊಂದು ಸೋಂಕು ಒಳಗೆ ಹೋಗುತ್ತದೆ, ಅಷ್ಟೆ. ಐಸ್ ನೀರು, ಸ್ಪಿರಿಟ್ ಹಚ್ಚುವುದೂ ತಪ್ಪು. ಟೋಪಿ, ಶಾಲು, ಕಂಬಳಿ ಸುತ್ತಿ ಸಾಂಬ್ರಾಣಿ ಹೊಗೆಯಲ್ಲಿ ಇಡುವುದೂ ತಪ್ಪು. ತೆಳು ಬಟ್ಟೆ, ಗಾಳಿ ಆಡುವ ಜಾಗ, ಮೇಲಿಂದ ಮೇಲೆ ಎದೆಹಾಲು. ಮನೆಯಲ್ಲಿ ಮಾಡಬಹುದಾದ್ದು ಇಷ್ಟು.

ಅಂಗಡಿಯವರ ಹೊಣೆ

ಈ ಮಾತು ಬರೀ ತಾಯಂದಿರಿಗಲ್ಲ. ರಾತ್ರಿ ಒಂಬತ್ತಕ್ಕೆ ಬಾಗಿಲು ಎಳೆಯುವ ಹೊತ್ತಿನಲ್ಲಿ "ಅಣ್ಣ, ಮೊಗೀಗೆ ಜ್ವರ, ಏನಾರ ಕೊಡು" ಅಂತ ಬರುವವರಿಗೆ ಮೊದಲು ಸಿಗುವ ವೈದ್ಯ ಅಂಗಡಿಯವನೇ. ಅವನು ಬಾಟಲಿ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದರೆ ಸಾಕು: ಮಗುವಿಗೆ ಎಷ್ಟು ತಿಂಗಳು? ಮೂರು ತಿಂಗಳೊಳಗೆ ಅಂದರೆ ಬಾಟಲಿ ಒಳಗಿಟ್ಟು ಆಸ್ಪತ್ರೆ ದಾರಿ ತೋರಿಸಲಿ. ಹತ್ತಿಪ್ಪತ್ತು ರೂಪಾಯಿಯ ವ್ಯಾಪಾರ ಹೋದರೆ ಹೋಗಲಿ.

ಪ್ಯಾರಾಸಿಟಮಾಲ್ ಒಳ್ಳೆಯ ಔಷಧ, ಆದರೆ ಅಳತೆ ತಪ್ಪಿದರೆ ಪಿತ್ತಜನಕಾಂಗಕ್ಕೆ ವಿಷ. ಡ್ರಾಪ್ಸಿನ ಒಂದು ಎಂ.ಎಲ್.ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಎಂ.ಎಲ್.ಗೆ 125, ಇನ್ನೊಂದು ಬಗೆಯಲ್ಲಿ 250. ಸಿರಪ್ ಅಂದುಕೊಂಡು ಡ್ರಾಪ್ಸನ್ನು ಒಂದು ಟೀ ಚಮಚ ಕುಡಿಸಿದರೆ ಕೂಸಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ಅಂದರೆ ದೊಡ್ಡವರ ಒಂದು ಮಾತ್ರೆ! ಮಗುವಿನ ತೂಕ ಒಂದು ಕಿಲೋಗೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದ ಹಾಗೆ ಅನ್ನುವುದು ಲೆಕ್ಕ. ಆ ಲೆಕ್ಕ ಹಾಕಿ ಬರೆದುಕೊಡಬೇಕಾದವರು ವೈದ್ಯರು. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಬೇಡವೇ ಬೇಡ. ನಿಮೆಸುಲೈಡ್ ಔಷಧವನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಕೆಮ್ಮಿನ ಸಿರಪ್ಪಿನ ವಿಚಾರವಂತೂ ಹೇಳುವುದೇ ಬೇಡ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ನೆಗಡಿ, ಜ್ವರ ಅಂತ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಬಾಟಲಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ಆಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಬರೆಯಲೂ ಬಾರದು, ಕೊಡಲೂ ಬಾರದು ಎಂದು ಎಚ್ಚರಿಸಿತು. ಚೀಟಿ ಇಲ್ಲದೆ ಸಿರಪ್ ಮಾರುವವರು ಆ ಮಕ್ಕಳನ್ನೊಮ್ಮೆ ನೆನೆಯಲಿ.

ಅದರ ಬದಲು ಅಂಗಡಿಯವರು ಒಂದು ಡಿಜಿಟಲ್ ಥರ್ಮಾಮೀಟರ್ ಕಣ್ಣಿಗೆ ಕಾಣುವ ಹಾಗೆ ತೂಗುಹಾಕಲಿ. ಕೂಸಿರುವ ಮನೆಗೆ ಬೆಳ್ಳಿ ಕಡಗ, ಉಡಿದಾರ ಕೊಡುವವರು ಅದರ ಜೊತೆ ಇದನ್ನೂ ಕೊಡಲಿ. ಒಲೆ ಮುಂದೆ ಕೂತೆದ್ದ ಕೈಗೆ ಜ್ವರ ಗೊತ್ತಾಗುವುದಿಲ್ಲ.

ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ

ರಾಜ್ಯದಲ್ಲಿ 2008ರ ನವೆಂಬರ್‌ನಿಂದ 108ರ ಆಂಬುಲೆನ್ಸ್ ಇದೆ. ಫೋನ್ ಎತ್ತಿದವರಿಗೆ ಮೊದಲು ಹೇಳಬೇಕಾದ್ದು ವಯಸ್ಸು ಮತ್ತು ಗುರುತು: "ನಲವತ್ತು ದಿನದ ಕೂಸು, ಜ್ವರ, ಹಾಲು ಕುಡಿಯುತ್ತಿಲ್ಲ." ಆಮೇಲೆ ಊರು, ಹತ್ತಿರದ ಶಾಲೆಯೋ ದೇವಸ್ಥಾನವೋ. ಆಂಬುಲೆನ್ಸ್ ತಡವಾಗುತ್ತದೆ ಅನ್ನಿಸಿದರೆ ಊರಲ್ಲಿರುವ ಆಟೋ, ಕಾರು, ಯಾವುದಾದರೂ ಸರಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಬೇಕು. ಮಳವಳ್ಳಿ, ಮದ್ದೂರಿನ ತಾಲ್ಲೂಕು ಆಸ್ಪತ್ರೆ ದಾಟಿಕೊಂಡು ನೇರ ದೊಡ್ಡ ಊರಿಗೆ ಓಡುವ ಹಟ ಬೇಡ. ಅಲ್ಲಿ ಮೊದಲ ಇಂಜೆಕ್ಷನ್, ಆಕ್ಸಿಜನ್ ಸಿಕ್ಕ ಮೇಲೆ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕಳಿಸುವುದು ವೈದ್ಯರ ಕೆಲಸ.

ದಾರಿಯಲ್ಲಿ ಕೂಸು ತಾಯಿಯ ಎದೆಗೆ ಅಂಟಿಕೊಂಡಿರಲಿ, ಚೀಪುವ ಶಕ್ತಿ ಇದ್ದರೆ ಹಾಲು ಕೊಡುತ್ತಿರಲಿ. ತಾಯಿ ಕಾರ್ಡು, ಕುಡಿಸಿದ ಔಷಧದ ಬಾಟಲಿ ಜೊತೆಗಿರಲಿ. ಹಗಲಾಗಿದ್ದು ಬಸ್ಸೇ ಗತಿ ಅಂದರೆ ಕಂಡಕ್ಟರಿಗೆ ವಿಷಯ ಹೇಳಬೇಕು. ಸೀಟು ಬಿಡುವುದು, ಕಿಟಕಿ ತೆರೆಯುವುದು, ಆಸ್ಪತ್ರೆ ಮುಂದೆ ಒಂದು ನಿಮಿಷ ನಿಲ್ಲಿಸಿ ಅನ್ನುವುದು ಪಕ್ಕದಲ್ಲಿ ಕೂತ ಪ್ರಯಾಣಿಕರ ಕೆಲಸ. ಆಸ್ಪತ್ರೆಯಲ್ಲಿ ಚೀಟಿಯ ಸಾಲಿನಲ್ಲಿ ಕೂರಬಾರದು. ನೇರ ನರ್ಸ್ ಹತ್ತಿರ ಹೋಗಿ ಮಗುವಿನ ವಯಸ್ಸು ಹೇಳಬೇಕು. ಇದು ಜೋರು ಮಾಡುವುದಲ್ಲ.

ಇಪ್ಪತ್ತೆಂಟು ದಿನದೊಳಗಿನ ಕೂಸಿಗೆ ಜ್ವರ ಅಂದರೆ ಸಾಮಾನ್ಯವಾಗಿ ದಾಖಲು ಮಾಡಿಕೊಂಡು ರಕ್ತ, ಮೂತ್ರ, ಬೆನ್ನಿನ ನೀರು ಪರೀಕ್ಷೆ ಮಾಡುತ್ತಾರೆ. ಬೆನ್ನಿಗೆ ಸೂಜಿ ಅಂದಕೂಡಲೇ ಸಹಿ ಹಾಕದೆ ಕೂಸನ್ನು ಎತ್ತಿಕೊಂಡು ಬರುವವರಿದ್ದಾರೆ. ಲಕ್ವ ಹೊಡೆಯುತ್ತದೆ ಅನ್ನುವ ಭಯ. ಆ ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದಿಂದ ಕೆಳಗೆ. ಮೆದುಳಿನ ಪೊರೆಗೆ ಸೋಂಕು ಹತ್ತಿದೆಯೋ ಇಲ್ಲವೋ ಖಚಿತವಾಗಿ ತಿಳಿಯಲು ಇರುವ ದಾರಿ ಅದು. ಅದಕ್ಕೆ ಹೆದರಿ ವಾಪಸು ಬಂದ ಮನೆ ಕಳೆದುಕೊಳ್ಳುವುದು ಕೂಸನ್ನೇ ಇರಬಹುದು. ಉಳಿದರೂ ಕಿವಿಯೋ ಬುದ್ಧಿಯೋ ಹೋಗಬಹುದು.

ದುಡ್ಡಿನ ಚಿಂತೆಯೂ ಎಷ್ಟೋ ಜನರನ್ನು ಬೆಳಗಿನವರೆಗೆ ಕೂರಿಸುತ್ತದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಪರೀಕ್ಷೆ, ಹೋಗಿಬರುವ ವಾಹನ ಎಲ್ಲ ಉಚಿತ. ಆಶಾ ಕಾರ್ಯಕರ್ತೆ ಹೆರಿಗೆಯಾದ ಮೇಲೆ ನಲವತ್ತೆರಡು ದಿನದೊಳಗೆ ಆರು ಸಲ ಮನೆಗೆ ಬಂದು ಕೂಸನ್ನು ನೋಡಬೇಕು. ಅವಳ ಚೀಲದಲ್ಲಿ ಥರ್ಮಾಮೀಟರ್, ತೂಕದ ತಕ್ಕಡಿ ಇರಬೇಕು. ಬರಲಿಲ್ಲವೋ, ಕೇಳಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸುವುದೂ ಬೇಡ.

ಇನ್ನು ಆರೋಗ್ಯ ಇಲಾಖೆಯವರಿಗೆ ಎರಡೇ ಮಾತು. ಪ್ರತಿ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಆ ರಾತ್ರಿ ಮಕ್ಕಳನ್ನು ನೋಡುವ ವೈದ್ಯರು ಯಾರು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಸಿ. ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಸಿನಿಮಾ ಪೋಸ್ಟರಿನ ಪಕ್ಕ ಒಂದು ಹಲಗೆ ಹಾಕಿಸಿ: ಮೂರು ತಿಂಗಳೊಳಗಿನ ಕೂಸಿಗೆ ಜ್ವರವೇ? ಈಗಲೇ ಆಸ್ಪತ್ರೆಗೆ. ಇದಕ್ಕೆ ದೊಡ್ಡ ಬಜೆಟ್ಟೇನೂ ಬೇಡ, ಒಬ್ಬ ಪೇಂಟರ್ ಸಾಕು.

ಮರಿ ಹಾಲು ಬಿಟ್ಟರೆ ನಾಳೆಗೆ ಕಾಯದ ಸೀಮೆ ಇದು. ಕೂಸು ಹಾಲು ಬಿಟ್ಟ ರಾತ್ರಿಯೂ ಮೊದಲ ಬಸ್ಸಿಗೆ ಕಾಯುವುದು ಬೇಡ.